ಲೈಬ್ರರಿ ಕೌಂಟರ್ ಬಿಟ್ಟು ಬರವಣಿಗೆಗೆ ಬಂದಿದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಖಾಸಗಿ ಪದವಿ ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದೆ. ಈಗ ಬರವಣಿಗೆಯೇ ಹೊಟ್ಟೆಪಾಡು. ಪುಸ್ತಕ ಬಿಡುಗಡೆ ಮುಗಿದು ಕಾಫಿ ಕುಡಿಯುವಾಗ, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ, ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಲೈಬ್ರರಿ ಕೆಲಸದಲ್ಲಿದ್ದು ಬರೆಯುವ ಆಸೆ ಇಟ್ಟುಕೊಂಡವರಿಗೆ ಅಂತಲೇ ಉತ್ತರ ಬರೆದಿದ್ದೇನೆ. ದುಡ್ಡಿನ ಮಾತು ಜಾಸ್ತಿ ಇದೆ. ಸಾಹಿತ್ಯದ ವೇದಿಕೆಗಳಲ್ಲಿ ಅದೊಂದನ್ನು ಬಿಟ್ಟು ಬೇರೆಲ್ಲ ಮಾತಾಡುತ್ತಾರೆ, ಅದಕ್ಕೆ.

ಲೈಬ್ರರಿಯಲ್ಲಿ ಇಡೀ ದಿನ ಓದ್ತಾ ಕೂತಿರಬಹುದಲ್ವಾ? ಅಂಥ ಕೆಲಸ ಯಾಕೆ ಬಿಟ್ರಿ?

ಹಾಗೆ ಕೂತಿರುವ ಗ್ರಂಥಪಾಲಕರನ್ನು ನಾನು ಕಂಡಿಲ್ಲ. ಬೆಳಿಗ್ಗೆ ಪೇಪರ್‌ಗಳಿಗೆ ಸೀಲ್ ಹೊಡೆದು ಸ್ಟ್ಯಾಂಡಿಗೆ ಹಾಕುವುದರಿಂದ ದಿನ ಶುರು. ಆಮೇಲೆ ಇಶ್ಯೂ, ರಿಟರ್ನ್, ದಂಡದ ರಸೀದಿ. ಹೊಸ ಪುಸ್ತಕ ಬಂದರೆ ಅಕ್ಸೆಶನ್ ರಿಜಿಸ್ಟರ್‌ಗೆ, ಅಂದರೆ ಪುಸ್ತಕಗಳ ದಾಖಲೆ ಪುಸ್ತಕಕ್ಕೆ ಬರೆದು, ನಂಬರ್ ಕೊಟ್ಟು, ಬೆನ್ನಿಗೆ ಲೇಬಲ್ ಅಂಟಿಸಬೇಕು. ಪರೀಕ್ಷೆ ಹತ್ತಿರ ಬಂದರೆ 'ನೋ ಡ್ಯೂ' ಸಹಿಗೆ ಸಾಲು. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತೆ ಅಂದರೆ ಮೂರು ತಿಂಗಳು ಬರೀ ಫೈಲು. ರಜೆಯಲ್ಲಿ ಸ್ಟಾಕ್ ವೆರಿಫಿಕೇಶನ್, ಅದರ ದೂಳಿಗೆ ಕೆಮ್ಮು.

ಪುಸ್ತಕಗಳಿಗೆ ವಿಷಯವಾರು ನಂಬರ್ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಇಡೀ ಕನ್ನಡ ಸಾಹಿತ್ಯಕ್ಕೆ ಸಿಕ್ಕಿರುವ ನಂಬರ್ 894.814. ಇಂಗ್ಲಿಷ್ ಸಾಹಿತ್ಯಕ್ಕೆ ಬರೀ 820. ನಮ್ಮಂಥ ಊರಿನ ಲೈಬ್ರರಿಯಲ್ಲಿ ಸಾಹಿತ್ಯದ ಕಪಾಟುಗಳು ಬಹುಪಾಲು ಆ ಆರಂಕಿಯ ಕೆಳಗೇ ನಿಂತಿರುತ್ತವೆ. ಕಾವ್ಯಕ್ಕೆ ಕೊನೆಯಲ್ಲಿ ಒಂದು 1, ನಾಟಕಕ್ಕೆ 2, ಕಥೆ ಕಾದಂಬರಿಗೆ 3. ಲೇಬಲ್‌ನ ಅಗಲ ಸಾಲದೆ ನಂಬರ್ ಎರಡು ಸಾಲಿಗೆ ಮುರಿಯುತ್ತಿತ್ತು. ಇದೆಲ್ಲ ಬೇಸರದ ಕೆಲಸ ಅಂತ ಹೇಳುತ್ತಿಲ್ಲ. ನನಗೆ ಇಷ್ಟವೇ ಇತ್ತು. ಓದಿಗೆ ಬಿಡುವಿರುತ್ತಿರಲಿಲ್ಲ, ಅಷ್ಟೇ.

ಹಾಗಾದ್ರೆ ಲೈಬ್ರರಿ ನಿಮ್ಮ ಬರವಣಿಗೆಗೆ ಕೊಟ್ಟಿದ್ದೇನು?

ಓದುಗರು ನಿಜವಾಗಿ ಹೇಗಿರುತ್ತಾರೆ ಅನ್ನುವ ತಿಳಿವಳಿಕೆ. ವಿಮರ್ಶೆ ಓದಿ ಇದು ಗೊತ್ತಾಗುವುದಿಲ್ಲ, ಕೌಂಟರ್ ಹಿಂದೆ ನಿಂತರೆ ಗೊತ್ತಾಗುತ್ತೆ.

ಪುಸ್ತಕದ ಹಿಂದೆ ತಾರೀಕಿನ ಚೀಟಿ ಇರುತ್ತಲ್ಲ, ಅದನ್ನು ಓದುವುದು ನನಗೆ ಚಟವಾಗಿತ್ತು. ದೊಡ್ಡ ಹೆಸರಿನ ಕಾದಂಬರಿ, ಪ್ರಶಸ್ತಿ ಬಂದದ್ದು, ಚೀಟಿಯಲ್ಲಿ ಎರಡೇ ತಾರೀಕು. ಪಕ್ಕದಲ್ಲಿ ಯಾರೂ ಹೆಸರು ಕೇಳದ ಪತ್ತೇದಾರಿ ಕಾದಂಬರಿ, ಚೀಟಿ ತುಂಬಿ ಅದರ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದು. ವಾಪಸ್ ಬಂದ ಪುಸ್ತಕ ಇನ್ನೂ ಜಾಸ್ತಿ ಹೇಳುತ್ತೆ. ನಲವತ್ತನೇ ಪುಟದಲ್ಲಿ ಬಸ್ ಟಿಕೆಟ್ ಸಿಕ್ಕಿ, ಆಚೆಯ ಪುಟಗಳು ಹೊಸದರಂತೆ ಗರಿಗರಿಯಾಗಿದ್ದರೆ ಓದುಗ ಅಲ್ಲೇ ಕೈಬಿಟ್ಟಿದ್ದಾನೆ ಅಂತ ಅರ್ಥ. ಅಂಥ ಪುಸ್ತಕ ಕೈಗೆ ಬಂದಾಗ ಆ ನಲವತ್ತನೇ ಪುಟ ಓದಿ ನೋಡುತ್ತಿದ್ದೆ. ಬಹಳ ಸಲ ಅಲ್ಲಿ ಲೇಖಕರು ಕಥೆ ನಿಲ್ಲಿಸಿ ಭಾಷಣಕ್ಕೆ ಇಳಿದಿರುತ್ತಿದ್ದರು.

ಇನ್ನೊಂದು, ಜನ ಕೇಳುವುದೇ ಒಂದು, ಅವರಿಗೆ ಬೇಕಿರುವುದೇ ಇನ್ನೊಂದು. 'ಕಾನೂನಿನ ಪುಸ್ತಕ ಕೊಡಿ ಮೇಡಂ' ಅಂತ ಬಂದ ಹುಡುಗನಿಗೆ ಬೇಕಿದ್ದುದು ಅಪ್ಪ-ಚಿಕ್ಕಪ್ಪನ ಆಸ್ತಿ ಪಾಲಿನ ಜಗಳದಲ್ಲಿ ಅಮ್ಮನಿಗೆ ಏನು ಸಿಗುತ್ತೆ ಅನ್ನುವ ಉತ್ತರ. ಎರಡು ಮೂರು ಪ್ರಶ್ನೆ ಕೇಳಿ ಅದನ್ನು ಹೊರಗೆ ತರುವುದು ಗ್ರಂಥಪಾಲಕರ ಕಸುಬು. ನನ್ನ ಕಥೆಗಳಲ್ಲಿ ಪಾತ್ರಗಳು ಮನಸ್ಸಲ್ಲಿದ್ದುದನ್ನು ನೇರವಾಗಿ ಹೇಳುವುದೇ ಇಲ್ಲ ಅಂತ ಕೆಲವರು ದೂರುತ್ತಾರೆ. ನಾನು ಕೌಂಟರಲ್ಲಿ ಕೇಳಿದ ಮಾತೆಲ್ಲ ಹಾಗೇ ಇತ್ತು!

ಮಕ್ಕಳ ಲೇಖಕಿ ಬೆವರ್ಲಿ ಕ್ಲಿಯರಿ ಗೊತ್ತಿರಬಹುದು. 1939ರ ಸುಮಾರಿಗೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಯಾಕಿಮಾ ಎಂಬ ಊರಲ್ಲಿ ಮಕ್ಕಳ ಗ್ರಂಥಪಾಲಕಿಯಾಗಿದ್ದರು. ನಮ್ಮಂಥ ಹುಡುಗರ ಪುಸ್ತಕ ಎಲ್ಲಿದೆ ಅಂತ ಕೆಲವು ಹುಡುಗರು ಕೇಳಿದರಂತೆ. ಕಪಾಟಲ್ಲಿ ಇರಲಿಲ್ಲ. ಸುಮಾರು ಹತ್ತು ವರ್ಷದ ಮೇಲೆ, 1950ರಲ್ಲಿ, ಅಂಥದ್ದೊಂದು ಪುಸ್ತಕವನ್ನು ಅವರೇ ಬರೆದು ಪ್ರಕಟಿಸಿದರು. ಕಪಾಟಿನಲ್ಲಿ ಏನಿಲ್ಲ ಅನ್ನುವುದು ಗ್ರಂಥಪಾಲಕರಿಗೆ ಕಾಣುವಷ್ಟು ಬೇರೆಯವರಿಗೆ ಕಾಣುವುದಿಲ್ಲ.

ಗ್ರಂಥಪಾಲಕರಾಗಿದ್ದ ಬೇರೆ ಲೇಖಕರು ಯಾರಿದ್ದಾರೆ?

ಬೇಕಾದಷ್ಟು ಜನ. ನನಗೆ ಪ್ರಿಯವಾದದ್ದು ಅರ್ಜೆಂಟೀನಾದ ಕಥೆಗಾರ ಬೋರ್ಹೆಸ್ ಅವರ ಪ್ರಸಂಗ. 1930ರ ದಶಕದ ಕೊನೆಯಿಂದ ಸುಮಾರು ಒಂಬತ್ತು ವರ್ಷ ಬ್ಯೂನಸ್ ಐರಿಸ್‌ನ ಒಂದು ಸಣ್ಣ ಮುನಿಸಿಪಲ್ ಲೈಬ್ರರಿಯಲ್ಲಿ ಕ್ಯಾಟಲಾಗ್ ಬರೆಯುತ್ತಿದ್ದರು. ಶುರುವಿನಲ್ಲಿ ಚುರುಕಾಗಿ ಕೆಲಸ ಮಾಡಿದರೆ ಜೊತೆಯವರೇ ತಡೆದರು, ನೀನು ಹೀಗೆ ಮಾಡಿದರೆ ನಮಗೆಲ್ಲ ಕುತ್ತು ಅಂತ. ಹಾಗಾಗಿ ಒಂದು ಗಂಟೆಯಲ್ಲಿ ಕೆಲಸ ಮುಗಿಸಿ ನೆಲಮಾಳಿಗೆಗೆ ಹೋಗಿ ಓದುತ್ತಿದ್ದರು, ಬರೆಯುತ್ತಿದ್ದರು. ಒಮ್ಮೆ ಸಹೋದ್ಯೋಗಿಯೊಬ್ಬ ವಿಶ್ವಕೋಶದಲ್ಲಿ ಅದೇ ಹೆಸರು, ಅದೇ ಹುಟ್ಟಿದ ತಾರೀಕು ನೋಡಿ 'ಎಂಥಾ ಕಾಕತಾಳೀಯ' ಅಂತ ಬೆರಗಾದನಂತೆ. 1946ರಲ್ಲಿ ಪೆರೋನ್ ಸರ್ಕಾರ ಬಂದಾಗ ಅವರನ್ನು ಮಾರುಕಟ್ಟೆಯ ಕೋಳಿ, ಮೊಲಗಳ ಇನ್‌ಸ್ಪೆಕ್ಟರ್ ಆಗಿ 'ಬಡ್ತಿ' ಕೊಟ್ಟು ಕಳಿಸಿದರು. ರಾಜೀನಾಮೆ ಕೊಟ್ಟರು. ಮುಂದೆ ಊಟಕ್ಕೆ ದಾರಿ ಮಾಡಿದ್ದು ಪುಸ್ತಕಗಳಲ್ಲ, ಊರೂರು ತಿರುಗಿ ಕೊಟ್ಟ ಉಪನ್ಯಾಸಗಳು. ಇದನ್ನು ನೆನಪಿಟ್ಟುಕೊಳ್ಳಿ, ಕೆಳಗೆ ಕೆಲಸಕ್ಕೆ ಬರುತ್ತೆ.

ಬಿಡದೇ ಉಳಿದವರೂ ಇದ್ದಾರೆ. ಇಂಗ್ಲೆಂಡಿನ ಕವಿ ಫಿಲಿಪ್ ಲಾರ್ಕಿನ್ 1955ರಿಂದ 1985ರಲ್ಲಿ ತೀರಿಕೊಳ್ಳುವವರೆಗೆ ಹಲ್ ವಿಶ್ವವಿದ್ಯಾಲಯದ ಗ್ರಂಥಪಾಲಕರೇ. ಉಲ್ಟಾ ದಾರಿಯಲ್ಲಿ ಬಂದವರು ನಮ್ಮ ದೇಶದ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್. ಗಣಿತದ ಮೇಷ್ಟ್ರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲವೇ ದಿನಕ್ಕೆ ಬೇಸತ್ತು ಮತ್ತೆ ಪಾಠಕ್ಕೆ ಕಳಿಸಿ ಅಂತ ಕೇಳಿಕೊಂಡಿದ್ದರು. ಆಮೇಲೆ ಅದೇ ಅವರ ಬದುಕಾಯಿತು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದರು. ಅವರ ಹುಟ್ಟುಹಬ್ಬ ಆಗಸ್ಟ್ 12, ನಮಗೆ ಗ್ರಂಥಪಾಲಕರ ದಿನ.

ಕೆಲಸದಲ್ಲಿದ್ದಾಗ ಯಾವ ಹೊತ್ತಲ್ಲಿ ಬರೀತಿದ್ರಿ?

ಬೆಳಗಿನ ಜಾವ. ಸಂಜೆ ತಲೆ ಓಡುತ್ತಿರಲಿಲ್ಲ. ಭಾನುವಾರ ಬರೆಯುತ್ತೇನೆ ಅಂದುಕೊಂಡವರು ಯಾರೂ ಬರೆದಿದ್ದು ನೋಡಿಲ್ಲ. ಭಾನುವಾರ ನೆಂಟರ ದಿನ.

ನೌಕರಿಯಲ್ಲಿರುವಾಗ ಪುಸ್ತಕ ಪ್ರಕಟಿಸಲು ಅನುಮತಿ ಬೇಕಾ?

ಸರ್ಕಾರಿ ನೌಕರರಿಗೆ ನಡತೆ ನಿಯಮಗಳಿವೆ. ಸರ್ಕಾರಿ ಲೈಬ್ರರಿಯಲ್ಲಿದ್ದರೆ ಪುಸ್ತಕ ಅಚ್ಚಿಗೆ ಕೊಡುವ ಮೊದಲೇ ಅವನ್ನು ಓದಿ, ಮೇಲಧಿಕಾರಿಗೆ ಒಂದು ಪತ್ರ ಬರೆದು, ಸ್ವೀಕೃತಿ ಇಟ್ಟುಕೊಳ್ಳಿ. ಖಾಸಗಿ ಕಾಲೇಜಾದರೆ ನೇಮಕಾತಿ ಪತ್ರದ ಷರತ್ತು ನೋಡಿ. ಇನ್ನೊಂದು ಮುಖ್ಯ ವಿಷಯ: ಕೆಲಸದ ಭಾಗವಾಗಿ ಬರೆದದ್ದು, ಅಂದರೆ ಕಾಲೇಜಿನ ಕೈಪಿಡಿ, ಗ್ರಂಥಸೂಚಿ ಇಂಥವು, ಬೇರೆ ಒಪ್ಪಂದ ಇಲ್ಲದಿದ್ದರೆ ಕಾಲೇಜಿನದ್ದೇ. ಮನೆಯಲ್ಲಿ ಬರೆದ ಕಥೆ ನಿಮ್ಮದು.

ಈಗ ಬಿಡಬಹುದು ಅಂತ ಹೇಗೆ ಗೊತ್ತಾಯ್ತು?

ಗೊತ್ತಾಗುವುದಿಲ್ಲ, ಲೆಕ್ಕ ಹಾಕಬೇಕು. ನಾನು ಮೊದಲು ನೋಡಿದ್ದು ಮನೆಯ ಖರ್ಚಿನ ಪುಸ್ತಕ. ಒಂದು ವರ್ಷ ಸಂಬಳವನ್ನು ಮುಟ್ಟದೆ, ಬರವಣಿಗೆಯಿಂದ ಬಂದದ್ದರಲ್ಲೇ ನನ್ನ ಪಾಲಿನ ಖರ್ಚು ತೂಗಿಸಲು ನೋಡಿದೆ. ತೂಗಲಿಲ್ಲ, ಆದರೆ ಎಷ್ಟು ಕೊರೆ ಬೀಳುತ್ತೆ ಅಂತ ತಿಳಿಯಿತು. ಆ ಕೊರೆಗೆ ಬೇಕಾದಷ್ಟು ಉಳಿತಾಯ ಆದ ಮೇಲೆ ರಾಜೀನಾಮೆ ಬರೆದೆ.

ಖಾಸಗಿ ಸಂಸ್ಥೆಯಲ್ಲಿದ್ದರೆ ಎರಡು ವಿಷಯ ತಿಳಿದಿರಲಿ. ಒಂದು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ಲೆಕ್ಕದಲ್ಲಿ ಸಂಸ್ಥೆ ಕೊಡುವ ಇಡಿಗಂಟು. ಐದು ವರ್ಷ ಸೇವೆ ಆಗಿದ್ದರೆ ನಿವೃತ್ತಿಯಷ್ಟೇ ಅಲ್ಲ, ರಾಜೀನಾಮೆ ಕೊಟ್ಟರೂ ಸಿಗುತ್ತೆ. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷದ ಪಾಲು. 30,000 ರೂಪಾಯಿ ಇದ್ದು 12 ವರ್ಷ ದುಡಿದಿದ್ದರೆ ಸುಮಾರು 2,07,700 ರೂಪಾಯಿ. ಎಷ್ಟೋ ಜನ ಕೇಳುವುದೇ ಇಲ್ಲ, ಬಿಟ್ಟು ಬರುತ್ತಾರೆ. ಎರಡನೆಯದು ಪಿಂಚಣಿ. ಭವಿಷ್ಯ ನಿಧಿಯ ಜೊತೆಗಿರುವ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷ ಪೂರೈಸಿದರೆ 58ಕ್ಕೆ ತಿಂಗಳ ಪಿಂಚಣಿಗೆ ಅರ್ಹರು. ಒಂಬತ್ತು ವರ್ಷಕ್ಕೆ ಕೆಲಸ ಬಿಡುವ ಯೋಚನೆ ಇದ್ದರೆ ದಯವಿಟ್ಟು ಇನ್ನೊಂದು ವರ್ಷ ಸೀಲ್ ಹೊಡೆಯಿರಿ.

ಆರೋಗ್ಯ ವಿಮೆಯನ್ನು ಕೆಲಸದಲ್ಲಿರುವಾಗಲೇ ಸ್ವಂತ ಹೆಸರಲ್ಲಿ ಮಾಡಿಸಿ. ಮೊದಲೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿ ಇರುತ್ತೆ, ಅದು ಸಂಬಳ ಬರುವಾಗಲೇ ಕಳೆಯಲಿ.

ಪುಸ್ತಕದಿಂದ ಎಷ್ಟು ದುಡ್ಡು ಬರುತ್ತೆ? ನಿಜ ಹೇಳಿ.

ರಾಯಲ್ಟಿ ಸಾಮಾನ್ಯವಾಗಿ ಮುಖಬೆಲೆಯ ಶೇಕಡಾ 10. 200 ರೂಪಾಯಿಯ ಪುಸ್ತಕ ಸಾವಿರ ಪ್ರತಿ ಮಾರಾಟವಾದರೆ ನಿಮಗೆ 20,000. ಸಾವಿರ ಪ್ರತಿ ಹೋಗಲು ಎರಡು ವರ್ಷ ಹಿಡಿಯಿತು ಅಂದುಕೊಳ್ಳಿ, ತಿಂಗಳಿಗೆ ಎಂಟುನೂರು ಚಿಲ್ಲರೆ. ಗ್ಯಾಸ್ ಸಿಲಿಂಡರ್ ಖರ್ಚು. ಈಗ ಬೇಡಿಕೆ ನೋಡಿ ಅಚ್ಚು ಹಾಕುವ ಕಾಲ, ಮೊದಲ ಮುದ್ರಣ 300 ಅಥವಾ 500 ಪ್ರತಿ ಇರುವುದೇ ಹೆಚ್ಚು.

ಪ್ರಕಾಶಕರು ತಿಂದುಬಿಡುತ್ತಾರೆ ಅನ್ನುವ ಮಾತು ಸುಲಭ. ಅಂಗಡಿಯವರ ಕಮಿಷನ್, ಕಾಗದ, ಬೈಂಡಿಂಗ್, ಗೋಡೌನ್ ಬಾಡಿಗೆ ಕಳೆದು ಅವರ ಕೈಯಲ್ಲಿ ಉಳಿಯುವುದೂ ಅಷ್ಟಕ್ಕಷ್ಟೆ. ಆದರೆ ಎಷ್ಟು ಪ್ರತಿ ಹೋಯಿತು ಅಂತ ಲೆಕ್ಕ ಕೊಡದೆ 'ಮಾತಾಡೋಣ ಬನ್ನಿ' ಅನ್ನುವವರ ಹತ್ತಿರ ಎರಡನೇ ಪುಸ್ತಕ ಕೊಡಬೇಡಿ.

ಮತ್ತೆ ಸಂಸಾರ ಹೇಗೆ ನಡೆಯುತ್ತೆ?

ಬೋರ್ಹೆಸ್ ಉಪನ್ಯಾಸ ಕೊಟ್ಟ ಹಾಗೆ, ಪುಸ್ತಕದ ಸುತ್ತಮುತ್ತಲ ಕೆಲಸದಿಂದ. ಪೂರ್ಣಾವಧಿ ಲೇಖಕಿ ಅಂದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಕಾದಂಬರಿ ಬರೆಯುವವಳು ಅಂತ ಜನ ತಿಳಿದಿದ್ದಾರೆ. ನನ್ನ ದಿನದ ಬಹುಪಾಲು ಬೇರೆಯವರ ಪುಸ್ತಕಕ್ಕೆ ಹೋಗುತ್ತೆ.

ಅನುವಾದ ಮೊದಲನೆಯದು. ಪುಟಕ್ಕೋ ಪದಕ್ಕೋ ಇಷ್ಟು ಅಂತ ದರ. ಆರೋಗ್ಯ, ಕೃಷಿ, ಮಕ್ಕಳ ಪುಸ್ತಕ, ತರಬೇತಿ ಕೈಪಿಡಿ, ಎಲ್ಲ ಬರುತ್ತೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ 50,000 ಪೌಂಡ್ ಬಹುಮಾನವನ್ನು ಅನುವಾದಕಿ ದೀಪಾ ಭಾಸ್ತಿ ಅವರ ಜೊತೆ ಸಮನಾಗಿ ಹಂಚಿದ್ದು ಎಲ್ಲರೂ ಓದಿದ್ದಾರೆ. ಆಮೇಲೆ ಅನುವಾದಕರ ಹೆಸರು ಮುಖಪುಟಕ್ಕೆ ಹಾಕಿ ಅಂತ ಕೇಳಲು ಧೈರ್ಯ ಬಂತು. ದರ ಮಾತ್ರ ಇನ್ನೂ ಪೌಂಡಿಗೆ ಏರಿಲ್ಲ.

ಎರಡನೆಯದು, ಯಾರೂ ಊಹಿಸದ ಕೆಲಸ: ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ, ಊರಿನ ಇತಿಹಾಸ. ನಮ್ಮ ರಾಜ್ಯದಲ್ಲಿ ಸಹಕಾರ ಸಂಘ ಶುರುವಾಗಿದ್ದು 1905ರಲ್ಲಿ, ಗದಗದ ಕಣಗಿನಹಾಳದಲ್ಲಿ. ಆಮೇಲಿನ ಕೆಲವು ದಶಕಗಳಲ್ಲಿ ಊರೂರಲ್ಲಿ ಸಂಘಗಳು ಹುಟ್ಟಿದವು. ಅವುಗಳಿಗೆಲ್ಲ ಈಗ ಒಂದೊಂದಾಗಿ ನೂರು ತುಂಬುತ್ತಿದೆ. ನೂರು ತುಂಬಿದ ಸಂಘಕ್ಕೆ ಸಂಚಿಕೆ ಬೇಕು. ಹಳೆ ನಡಾವಳಿ ಪುಸ್ತಕ, ಮಾಸಿದ ಫೋಟೋ, ಅಧ್ಯಕ್ಷರ ಪಟ್ಟಿ, ಇವನ್ನು ಜೋಡಿಸಿ ಓದುವಂತೆ ಮಾಡಲು ಒಬ್ಬರು ಬೇಕು. ಇಲ್ಲಿ ಲೈಬ್ರರಿಯ ಅಭ್ಯಾಸ ನೇರವಾಗಿ ಸಂಬಳ ಕೊಡುತ್ತೆ. ಕಾಗದ ಯಾವುದು ಮೊದಲು, ಯಾವ ಫೋಟೋದಲ್ಲಿರುವವರು ಯಾರು, ತಾರೀಕು ತಾಳೆಯಾಗುತ್ತಾ ಅಂತ ನೋಡುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ. ಅಧ್ಯಕ್ಷರ ಹೊಗಳಿಕೆ ಎಷ್ಟು ಪುಟ ಅನ್ನುವುದನ್ನು ಮಾತ್ರ ಮೊದಲೇ ಬರೆದು ಒಪ್ಪಿಸಿಕೊಳ್ಳಿ. ಸಾಹಿತಿಗಳು ಈ ಕೆಲಸವನ್ನು ಕೀಳು ಅಂತ ನೋಡುತ್ತಾರೆ. 1920ರ ನಡಾವಳಿಯಲ್ಲಿ ಒಬ್ಬ ವಿಧವೆ ಎಮ್ಮೆ ಸಾಲಕ್ಕೆ ಹಾಕಿದ ಅರ್ಜಿ ಸಿಕ್ಕರೆ ನನಗೆ ಅದು ಹತ್ತು ವಿಚಾರ ಸಂಕಿರಣಕ್ಕಿಂತ ಮೇಲು.

ಇನ್ನು ಕರಡು ತಿದ್ದುವುದು, ಪತ್ರಿಕೆಗೆ ಅಂಕಣ, ಶಾಲೆಗಳಲ್ಲಿ ಕಥಾ ಕಮ್ಮಟ. ಅಂಕಣದ ಸಂಭಾವನೆ ಸಣ್ಣದು, ಆದರೆ ಅದರಿಂದ ಹೆಸರು ಉಳಿಯುತ್ತೆ. ವಿಶೇಷಾಂಕಗಳ ಕಥಾಸ್ಪರ್ಧೆಗೆ ದೀಪಾವಳಿಗಿಂತ ತಿಂಗಳುಗಟ್ಟಲೆ ಮೊದಲೇ ಕಳಿಸಬೇಕು, ಪ್ರಕಟಣೆ ನೋಡುತ್ತಿರಿ.

ಗ್ರಂಥಾಲಯ ಇಲಾಖೆಯ ಸಗಟು ಖರೀದಿ ನಂಬಿಕೊಳ್ಳಬಹುದಾ?

ನಂಬಿಕೊಂಡು ಮನೆ ಕಟ್ಟಬೇಡಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಿ ಮಾಡುತ್ತವೆ, ರೂಪಾಯಿಗೆ ಆರು ಪೈಸೆ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ, ಅದರಲ್ಲಿ ಇರುತ್ತೆ. ಇಲಾಖೆ ಪುಸ್ತಕ ಆಯ್ಕೆ ಮಾಡಿ ಕೊಂಡರೆ ನೂರಾರು ಪ್ರತಿ ಒಟ್ಟಿಗೆ ಹೋಗುತ್ತೆ, ಬೆಲೆ ಪುಟದ ಲೆಕ್ಕದಲ್ಲಿ. ಸಣ್ಣ ಪ್ರಕಾಶಕರಿಗೆ ಇದೇ ಉಸಿರು. ಆಯ್ಕೆ, ಖರೀದಿ, ಹಣ, ಮೂರಕ್ಕೂ ಕಾಯಬೇಕು. ಬಂದರೆ ಬೋನಸ್ ಅಂದುಕೊಳ್ಳಿ.

ಜನ ಲೈಬ್ರರಿಯಿಂದ ತಂದು ಓದಿದರೆ ನಿಮಗೆ ನಷ್ಟ ಅಲ್ವಾ?

ಇಲ್ಲ. ಲೈಬ್ರರಿಯಲ್ಲಿ ಓದಿದವರೇ ಮುಂದೆ ಕೊಳ್ಳುವುದು. ಆದರೂ ಒಂದು ಮಾತಿದೆ. ಡೆನ್ಮಾರ್ಕಿನಲ್ಲಿ 1946ರಿಂದ ಲೈಬ್ರರಿಗಳಲ್ಲಿರುವ ಪುಸ್ತಕಕ್ಕೆ ಲೇಖಕರಿಗೆ ಸರ್ಕಾರ ಹಣ ಕೊಡುತ್ತೆ. ಬ್ರಿಟನ್ನಿನಲ್ಲಿ 1979ರಲ್ಲಿ ಇದಕ್ಕೆ ಕಾನೂನೇ ಆಯಿತು. ಅಲ್ಲಿ ಓದುಗರು ಒಂದು ರೂಪಾಯಿ ಕೊಡಬೇಕಿಲ್ಲ, ಎಷ್ಟು ಸಲ ಎರವಲು ಹೋಯಿತು ಅನ್ನುವ ಲೆಕ್ಕದ ಮೇಲೆ ಲೇಖಕರಿಗೆ ವರ್ಷಕ್ಕೊಮ್ಮೆ ಹಣ. ನಮ್ಮಲ್ಲಿ ಅಂಥದ್ದಿಲ್ಲ. ತುಂಬಿದ ತಾರೀಕಿನ ಚೀಟಿಗಳನ್ನು ವರ್ಷಗಟ್ಟಲೆ ನೋಡಿದ ನನಗೆ ಈ ವಿಷಯದಲ್ಲಿ ಸಾಹಿತ್ಯ ಸಂಘಟನೆಗಳು ಯಾಕೆ ದನಿ ಎತ್ತುವುದಿಲ್ಲ ಅಂತ ಅರ್ಥವಾಗಿಲ್ಲ.

ಪ್ರಕಾಶಕರ ಒಪ್ಪಂದದಲ್ಲಿ ಏನು ನೋಡಬೇಕು?

ಮೊದಲು, ಒಪ್ಪಂದ ಕಾಗದದಲ್ಲಿ ಇರಬೇಕು. ಬಾಯಿಮಾತಿನಲ್ಲಿ ಹಕ್ಕು ಬರೆದುಕೊಟ್ಟ ಹಾಗಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕು ವರ್ಗಾವಣೆ ಬರವಣಿಗೆಯಲ್ಲಿದ್ದು ಸಹಿ ಆಗಿರಬೇಕು. ಎಷ್ಟು ವರ್ಷ ಅಂತ ಬರೆಯದಿದ್ದರೆ ಐದು ವರ್ಷ ಅಂತ ಅರ್ಥ. ಯಾವ ಪ್ರದೇಶ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಪಡೆದವರು ಒಂದು ವರ್ಷ ಅದನ್ನು ಬಳಸದೆ ಕೂತರೆ, ಒಪ್ಪಂದದಲ್ಲಿ ಬೇರೆ ಹೇಳದ ಹೊರತು, ಆ ಹಕ್ಕು ಬಿದ್ದುಹೋಗುತ್ತೆ.

'ಎಲ್ಲ ಹಕ್ಕು ಪ್ರಕಾಶಕರಿಗೆ' ಅಂತ ಒಂದೇ ಸಾಲಿದ್ದರೆ ಸಹಿ ಹಾಕಬೇಡಿ. ಮುದ್ರಣ, ಇ-ಪುಸ್ತಕ, ಆಡಿಯೋ, ಅನುವಾದ, ಸಿನಿಮಾ, ಒಂದೊಂದನ್ನೂ ಬೇರೆ ಬೇರೆ ಬರೆಸಿ. ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತೆ. ನೀವು ಸಹಿ ಹಾಕುವುದು ಮೊಮ್ಮಕ್ಕಳ ಪರವಾಗಿಯೂ ಹೌದು.

ನಾನೇ ಪ್ರಕಟಿಸಿಕೊಂಡರೆ?

ಮಾಡಬಹುದು. ಐಎಸ್‌ಬಿಎನ್, ಅಂದರೆ ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ, ನಮ್ಮ ದೇಶದಲ್ಲಿ ಪುಕ್ಕಟೆ, ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಗೆ ಆನ್‌ಲೈನ್ ಅರ್ಜಿ ಹಾಕಿದರೆ ಸಿಗುತ್ತೆ. ಅದಕ್ಕೆ ಸಾವಿರಾರು ರೂಪಾಯಿ ಕೇಳುವವರಿಗೆ ಕೊಡಬೇಡಿ. 1954ರ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಕಳಿಸುವುದು ಪ್ರಕಾಶಕರ ಹೊಣೆ, ಅಂದರೆ ಈಗ ನಿಮ್ಮದು. ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೂ ಕೊಡಿ. ನೂರು ವರ್ಷದ ಮೇಲೆ ಯಾರಾದರೂ ಹುಡುಕಿದರೆ ಸಿಗುವುದು ಅಲ್ಲೇ.

ಕಷ್ಟ ಅಚ್ಚು ಹಾಕುವುದರಲ್ಲಿಲ್ಲ, ಮಾರುವುದರಲ್ಲಿದೆ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು ಅಂತ ಹೇಳುತ್ತೇವಲ್ಲ, ಅದು ಹೆಮ್ಮೆಯ ಮಾತಾಗಿ ಚೆನ್ನಾಗಿದೆ. ನಿಮಗೆ ಅಷ್ಟು ಕಾಲು ಇದೆಯಾ ನೋಡಿಕೊಳ್ಳಿ.

ತೆರಿಗೆ?

ರಾಯಲ್ಟಿ ಆದಾಯವೇ, ತೋರಿಸಬೇಕು. 1961ರ ಆದಾಯ ತೆರಿಗೆ ಕಾಯ್ದೆಯ 80ಕ್ಯೂಕ್ಯೂಬಿ ಕಲಂನಲ್ಲಿ ಸಾಹಿತ್ಯ ಕೃತಿಗಳ ರಾಯಲ್ಟಿಗೆ ವರ್ಷಕ್ಕೆ 3 ಲಕ್ಷದವರೆಗೆ ವಿನಾಯಿತಿ ಇತ್ತು, ಹಳೆ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಪಠ್ಯಪುಸ್ತಕ, ಗೈಡುಗಳಿಗೆ ಇಲ್ಲ. 2026ರ ಏಪ್ರಿಲ್‌ನಿಂದ ಹೊಸ ಕಾಯ್ದೆ, ಕಲಂ ಸಂಖ್ಯೆಗಳೆಲ್ಲ ಬೇರೆ. ಆಡಿಟರ್ ಹತ್ತಿರ ಕೇಳಿ. ನಮ್ಮಲ್ಲಿ ಬಹಳ ಜನಕ್ಕೆ 3 ಲಕ್ಷ ರಾಯಲ್ಟಿ ಬರುವುದೇ ಇಲ್ಲವಾದ್ದರಿಂದ ನಿದ್ದೆ ಕೆಡಿಸಿಕೊಳ್ಳಬೇಡಿ.

ಲೇಖಕಿ ಆಗಬೇಕು ಅಂತ ಬಿ.ಲಿಬ್ (ಗ್ರಂಥಾಲಯ ವಿಜ್ಞಾನದ ಪದವಿ) ಮಾಡಬಹುದಾ?

ಬೇಡ. ಗ್ರಂಥಪಾಲಕಿ ಆಗಬೇಕು ಅನಿಸಿದರೆ ಮಾಡಿ.

ಮನೆಯಲ್ಲಿ ಏನಂದ್ರು?

ಅತ್ತೆ 'ಸಂಬಳ ಬರೋ ಕೆಲಸ ಬಿಡ್ತಾರಾ ಯಾರಾದ್ರೂ?' ಅಂದರು. ನ್ಯಾಯವಾದ ಪ್ರಶ್ನೆ. ಮನೆಯವರು ಲೆಕ್ಕ ತೋರಿಸು ಅಂದರು, ತೋರಿಸಿದೆ. ಮನೆಯಲ್ಲಿ ಇನ್ನೊಂದು ಸಂಬಳ ಇದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ಅದಿಲ್ಲದಿದ್ದರೆ ನಾನು ಇಷ್ಟು ಬೇಗ ಬಿಡುತ್ತಿರಲಿಲ್ಲ. 'ಧೈರ್ಯ ಮಾಡಿದೆ' ಅಂತ ಹೇಳಿಕೊಳ್ಳುವ ಲೇಖಕರ ಮನೆಗಳಲ್ಲಿ ಸಾಮಾನ್ಯವಾಗಿ ಇನ್ನೊಬ್ಬರು ಬೆಳಿಗ್ಗೆ ಆಫೀಸಿಗೆ ಹೋಗುತ್ತಿರುತ್ತಾರೆ. ಈಗಿನ ಕಷ್ಟ ಬೇರೆ: ಮನೆಯಲ್ಲೇ ಇದ್ದೀಯಲ್ಲ ಅಂತ ಕೊರಿಯರ್, ಪ್ಲಂಬರ್, ನೆಂಟರು ಎಲ್ಲ ನನ್ನ ಪಾಲಿಗೆ. ಅದಕ್ಕೇ ಬೆಳಿಗ್ಗೆ ಹತ್ತಕ್ಕೆ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಕೂರುತ್ತೇನೆ. ಸ್ಪರ್ಧಾ ಪರೀಕ್ಷೆಗೆ ಓದುವ ಹುಡುಗರ ಜೊತೆ ಮೂಲೆಯ ಮೇಜು.

ನಮ್ಮ ಕಥೆ ಓದಿ ಅಭಿಪ್ರಾಯ ಹೇಳ್ತೀರಾ?

ಒಂದು ಕಥೆ ಆದರೆ ಓದುತ್ತೇನೆ, ತಡವಾಗುತ್ತೆ. ಇಡೀ ಕಾದಂಬರಿ ಆದರೆ ಅದು ನನ್ನ ಕಸುಬು, ಶುಲ್ಕ ಇದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ. ಹಳೆ ಫಾಂಟಿನ ಕಡತ ನನ್ನ ಕಂಪ್ಯೂಟರಿನಲ್ಲಿ ಗೀಚು ಗೀಚಾಗಿ ಕಾಣುತ್ತೆ. ಮುನ್ನುಡಿ ಬರೆದುಕೊಡಿ ಅಂತ ಮಾತ್ರ ಕೇಳಬೇಡಿ. ಲೈಬ್ರರಿಗೆ ವಾಪಸ್ ಬಂದ ಪುಸ್ತಕಗಳಲ್ಲಿ ಮುನ್ನುಡಿಯ ಪುಟಗಳಷ್ಟು ಹೊಸದಾಗಿರುವುದು ಇನ್ನೊಂದಿಲ್ಲ.